ಹೊಸ ಹಾಡು ಸಾವಿರಾರು ಕಿಲೋಮೀಟರ್ ಹಬ್ಬುವುದು ಹೇಗೆ? ಗೂನುಬೆನ್ನಿನ ತಿಮಿಂಗಿಲ ಮತ್ತು ಬಿಳಿಗೊರಳ ಗುಬ್ಬಿ

ಕಡಲತಡಿ

ತಿಮಿಂಗಿಲದ ಹಾಡು, ಹಕ್ಕಿಯ ಹಾಡು ಎಂದೊಡನೆ ಯಾವುದು ಇಂಪು, ಯಾವುದು ಉದ್ದ ಎಂಬಲ್ಲಿಗೆ ಮಾತು ಹೋಗಿಬಿಡುತ್ತದೆ. ನನಗೆ ಬೇರೆಯೇ ವಿಷಯ ಕಾಡುತ್ತಿದೆ. ಹಳೆಯ ಹಾಡೊಂದು ಹಿಂದೆ ಸರಿದು, ಹೊಸದು ಅದರ ಜಾಗಕ್ಕೆ ಬಂದು, ದೇಶದೇಶಗಳನ್ನು ದಾಟಿ ಹಬ್ಬಿದ ಎರಡು ಪ್ರಕರಣಗಳು ನಮ್ಮ ಕಾಲದಲ್ಲೇ ದಾಖಲಾಗಿವೆ. ಒಂದು ದಕ್ಷಿಣ ಪೆಸಿಫಿಕ್‌ನ ಗೂನುಬೆನ್ನಿನ ತಿಮಿಂಗಿಲದ್ದು, ಅಂದರೆ ಹಂಪ್‌ಬ್ಯಾಕ್‌ನದು. ಇನ್ನೊಂದು ಕೆನಡಾದ ಬಿಳಿಗೊರಳ ಗುಬ್ಬಿಯದು. ಮೊದಲನೆಯದರ ತೂಕ ಸುಮಾರು 30 ಟನ್, ಎರಡನೆಯದು 30 ಗ್ರಾಂ ಕೂಡ ತೂಗುವುದು ಅಪರೂಪ. ಸಸ್ತನಿಗಳ ಮತ್ತು ಹಕ್ಕಿಗಳ ವಂಶ ಕವಲೊಡೆದು 30 ಕೋಟಿ ವರ್ಷಗಳಿಗೂ ಹೆಚ್ಚಾಯಿತು. ಆದರೂ ಎರಡೂ ಕಡೆ ನಡೆದದ್ದು ವಿಸ್ಮಯ ಹುಟ್ಟಿಸುವಷ್ಟು ಹತ್ತಿರವಾಗಿದೆ.

ತಿಮಿಂಗಿಲದ ಕಥೆ ಮೊದಲು. ಒಂದು ಸಮುದಾಯದ ಗಂಡುಗಳೆಲ್ಲ ಒಂದು ಕಾಲಕ್ಕೆ ಒಂದೇ ಹಾಡನ್ನು ಹಾಡುತ್ತವೆ. ಅದು ವರ್ಷದಿಂದ ವರ್ಷಕ್ಕೆ ಸ್ವಲ್ಪ ಸ್ವಲ್ಪವೇ ಬದಲಾಗುತ್ತ ಹೋಗುವುದನ್ನು ತಿಮಿಂಗಿಲದ ಹಾಡುಗಳ ಸಂಶೋಧಕಿ ಕೇಟಿ ಪೇನ್ ಗುರುತಿಸಿದ್ದರು. ಆದರೆ ಆಸ್ಟ್ರೇಲಿಯದ ಪೂರ್ವ ಕರಾವಳಿಯಲ್ಲಿ ಮೈಕಲ್ ನೋಡ್ ಮತ್ತು ಸಂಗಡಿಗರು ಕಂಡದ್ದು ಇನ್ನೊಂದು ಬಗೆ. 1996ರಲ್ಲಿ ಅವರು ಮುದ್ರಿಸಿಕೊಂಡ 82 ಹಾಡುಗಾರರಲ್ಲಿ ಇಬ್ಬರು ಮಾತ್ರ ಸಂಪೂರ್ಣ ಬೇರೆಯ ಹಾಡು ಹಾಡುತ್ತಿದ್ದರು. ಅದು ಪಶ್ಚಿಮ ಕರಾವಳಿಯ ತಿಮಿಂಗಿಲಗಳ ಹಾಡು. 1997ರ ವಲಸೆ ಮುಗಿಯುವಷ್ಟರಲ್ಲಿ ಬಹುಪಾಲು ಗಂಡುಗಳು ಅದಕ್ಕೆ ಹೊರಳಿದ್ದವು. 1998ರಲ್ಲಿ ಹಳೆಯ ಹಾಡು ಕೇಳಲೇ ಇಲ್ಲ. ಆಮೇಲೆ ಎಲೆನ್ ಗಾರ್ಲೆಂಡ್ ಅವರ ತಂಡ 1998ರಿಂದ 2008ರವರೆಗಿನ ಧ್ವನಿಮುದ್ರಣಗಳನ್ನು ಒಟ್ಟಿಗೆ ಇಟ್ಟು ನೋಡಿತು. ಪೂರ್ವ ಆಸ್ಟ್ರೇಲಿಯದಿಂದ ನ್ಯೂ ಕ್ಯಾಲೆಡೋನಿಯ, ಟೋಂಗಾ, ಕುಕ್ ದ್ವೀಪಗಳ ಮೂಲಕ ಫ್ರೆಂಚ್ ಪಾಲಿನೇಷ್ಯದವರೆಗೆ ಹಾಡುಗಳು ಒಂದರ ಹಿಂದೊಂದು ಪೂರ್ವಾಭಿಮುಖವಾಗಿ ಸಾಗಿದ್ದವು. ತಿಮಿಂಗಿಲಗಳು ವಲಸೆ ಹೋಗುವುದು ಉತ್ತರ ದಕ್ಷಿಣವಾಗಿ, ಹಾಡು ಹರಿಯುವುದು ಪಶ್ಚಿಮದಿಂದ ಪೂರ್ವಕ್ಕೆ!

ಗುಬ್ಬಿಯ ಕಥೆ ಗೊತ್ತಿರುವವರು ಇಲ್ಲಿ ಇದ್ದಾರೆಂದು ಬಲ್ಲೆ. ನನ್ನ ಪ್ರಶ್ನೆ ಇಷ್ಟೇ: ಇವೆರಡೂ ಒಂದೇ ಬಗೆಯ ಘಟನೆಗಳೇ, ಅಥವಾ ಹೊರನೋಟಕ್ಕೆ ಮಾತ್ರ ಹೋಲುತ್ತವೆಯೇ?

---

ಮೇಪಲ್ ನೆರಳು

ನಾನಿರುವುದು ಒಂಟಾರಿಯೊದಲ್ಲಿ. ಬಿಳಿಗೊರಳ ಗುಬ್ಬಿ ನಮ್ಮಲ್ಲಿ ವಸಂತದ ಹಕ್ಕಿ. ಹೆಸರಿಗೆ ಗುಬ್ಬಿಯಾದರೂ ಇದು ನಮ್ಮ ಊರುಗಳ ಮನೆಗುಬ್ಬಿಯ ಬಳಗದ್ದಲ್ಲ, ಅಮೆರಿಕ ಖಂಡದ ಬೇರೊಂದು ಕುಟುಂಬದ್ದು. ಹಾಡು ನಾಲ್ಕೈದು ಸೆಕೆಂಡುಗಳ ಶುದ್ಧ ಸಿಳ್ಳೆ. ಮೊದಲು ಎರಡು ನೀಳ ಸ್ವರ, ಆಮೇಲೆ ಮೂರು ಮೂರು ತುಣುಕುಗಳ ಗುಂಪು ಮರುಕಳಿಸುತ್ತದೆ. ಇಲ್ಲಿನವರ ಕಿವಿಗೆ ಅದು 'ಕೆನಡಾ, ಕೆನಡಾ, ಕೆನಡಾ' ಎಂದು ಕೇಳುತ್ತದೆ. ಶಾಲೆಯ ಮಕ್ಕಳಿಗೂ ಹಾಗೆಯೇ ಹೇಳಿಕೊಡುತ್ತಾರೆ.

ರಾಕಿ ಪರ್ವತಗಳ ಪಶ್ಚಿಮಕ್ಕೆ, ಬ್ರಿಟಿಷ್ ಕೊಲಂಬಿಯದಲ್ಲಿ, ಈ ಮೂರು ತುಣುಕಿನ ಗುಂಪು ಎರಡಾಯಿತು. ಕೊನೆಯಲ್ಲಿ 'ಕೆನ, ಕೆನ, ಕೆನ' ಎಂದಷ್ಟೇ ಉಳಿಯಿತು. ಉತ್ತರ ಬ್ರಿಟಿಷ್ ಕೊಲಂಬಿಯ ವಿಶ್ವವಿದ್ಯಾಲಯದ ಕೆನ್ ಆಟರ್ ಮತ್ತು ಸಹೋದ್ಯೋಗಿಗಳು 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಈ ಎರಡು ತುಣುಕಿನ ಹಾಡು ಎರಡು ದಶಕಗಳಲ್ಲಿ ಪ್ರೇರಿ ಬಯಲುಗಳನ್ನು ದಾಟಿ, ಒಂಟಾರಿಯೊ ಹಾದು, ಕ್ವಿಬೆಕ್‌ನ ಪಶ್ಚಿಮ ಭಾಗದವರೆಗೂ ಬಂದದ್ದನ್ನು ನಕ್ಷೆಯ ಮೇಲೆ ತೋರಿಸಿದರು. ಸುಮಾರು 3000 ಕಿಲೋಮೀಟರ್. ಅವರು ಬಳಸಿದ ಧ್ವನಿಮುದ್ರಣಗಳಲ್ಲಿ ಬಹಳಷ್ಟು ನಮ್ಮಂತಹ ಹವ್ಯಾಸಿಗಳು ಈ-ಬರ್ಡ್, ಕ್ಸೀನೋ-ಕ್ಯಾಂಟೊ ಎಂಬ ಹಕ್ಕಿ ದಾಖಲೆಯ ಜಾಲತಾಣಗಳಿಗೆ ಹಾಕಿದಂಥವು. ಇಷ್ಟು ಜನರ ಕಿವಿಗಳು ಸೇರದಿದ್ದರೆ ಒಂದು ಪ್ರಯೋಗಾಲಯ ಎಷ್ಟು ಹಣ ಸುರಿದರೂ ಈ ನಕ್ಷೆ ಸಿಗುತ್ತಿರಲಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ.

ದಾರಿ ಎಲ್ಲಿ ಕೂಡಿತು ಎಂಬುದೇ ಇದರಲ್ಲಿ ಚೆಲುವಾದ ಭಾಗ. ಹಕ್ಕಿಗಳ ಬೆನ್ನಿಗೆ ಅವು ಹೋದ ಜಾಗ ತಿಳಿಸುವ ಪುಟ್ಟ ಸಾಧನ, ಜಿಯೋಲೊಕೇಟರ್, ಕಟ್ಟಿ ನೋಡಿದಾಗ, ರಾಕಿಯ ಪೂರ್ವದ ಹಕ್ಕಿಗಳೂ ಪಶ್ಚಿಮದ ಹಕ್ಕಿಗಳೂ ಚಳಿಗಾಲವನ್ನು ಅಮೆರಿಕದ ದಕ್ಷಿಣ ಬಯಲುಗಳಲ್ಲಿ ಒಟ್ಟಿಗೆ ಕಳೆಯುತ್ತವೆ ಎಂದು ತಿಳಿಯಿತು. ಅಲ್ಲಿಯೂ ಅವು ಹಾಡುತ್ತವೆ. ಎಳೆಯ ಹಕ್ಕಿಗಳು ಅಲ್ಲಿ ಪರವೂರಿನ ಹಾಡು ಕೇಳಿ, ಕಲಿತು, ತಮ್ಮ ಊರಿಗೆ ಒಯ್ದಿರಬೇಕು ಎಂಬುದು ಆಟರ್ ಅವರ ವಿವರಣೆ.

---

ಕಡಲತಡಿ

@ಮೇಪಲ್ ನೆರಳು, ಇದನ್ನೇ ಕೇಳಲು ಕಾದಿದ್ದೆ. ತಿಮಿಂಗಿಲದ ಕಡೆಯೂ ಅಂತಹ ಕೂಡುದಾರಿ ಇದೆ. ನ್ಯೂಜಿಲೆಂಡ್‌ನ ಉತ್ತರಕ್ಕೆ ಕೆರ್ಮಾಡೆಕ್ ದ್ವೀಪಗಳಿವೆ. ಬೇರೆ ಬೇರೆ ಸಂತಾನ ಪ್ರದೇಶಗಳಿಂದ ಅಂಟಾರ್ಕ್ಟಿಕದ ಕಡೆಗೆ ಹೊರಟ ತಿಮಿಂಗಿಲಗಳು ಅಲ್ಲಿ ಒಟ್ಟು ಸೇರುತ್ತವೆ. ಆ ದ್ವೀಪಗಳ ಬಳಿ ಮುದ್ರಿಸಿದ ಹಾಡುಗಳಲ್ಲಿ ಪೆಸಿಫಿಕ್‌ನ ಹಲವು ಸಮುದಾಯಗಳ ಹಾಡುಗಳನ್ನು ಗುರುತಿಸಿದ ಅಧ್ಯಯನ 2019ರಲ್ಲಿ ಬಂದಿತು. ಹಾಡು ಕೈಬದಲಾಗುವುದು ಮನೆಯಂಗಳದಲ್ಲಿ ಅಲ್ಲ, ಪಯಣದ ನಡುವೆ.

---

ಕೊರಳಿಂಚರ

ಹೋಲಿಕೆ ಆಕರ್ಷಕವಾಗಿದೆ, ಒಪ್ಪುತ್ತೇನೆ. ಆದರೆ ಕಲಿಕೆಯ ಬಗೆಯನ್ನು ಬದಿಗಿಟ್ಟು ನಕ್ಷೆಯ ಬಾಣಗಳನ್ನು ಮಾತ್ರ ಹೋಲಿಸಿದರೆ ತಪ್ಪು ದಾರಿ ಹಿಡಿಯುತ್ತೇವೆ.

ಹಾಡುಹಕ್ಕಿಗಳ ಕಲಿಕೆಯ ಬಗ್ಗೆ ನಮಗೆ ಎಷ್ಟೋ ಖಚಿತವಾಗಿ ಗೊತ್ತು. 1950ರ ದಶಕದಲ್ಲಿ ಕೇಂಬ್ರಿಜ್‌ನಲ್ಲಿ ವಿಲಿಯಂ ಥಾರ್ಪ್ ಚಾಫಿಂಚ್ ಎಂಬ ಹಾಡುಹಕ್ಕಿಯ ಮರಿಗಳನ್ನು ಬೇರೆ ಹಕ್ಕಿಗಳ ಸದ್ದು ಕೇಳದಂತೆ ಸಾಕಿದರು. ಅವು ದೊಡ್ಡವಾದ ಮೇಲೆ ಹಾಡಿದ್ದು ಒಡಕು ಹಾಡು. ಥಾರ್ಪ್ ಜೊತೆ ಕೆಲಸ ಮಾಡಿದ್ದ ಪೀಟರ್ ಮಾರ್ಲರ್ ಮುಂದೆ ಕ್ಯಾಲಿಫೋರ್ನಿಯದಲ್ಲಿ ಬಿಳಿ ಜುಟ್ಟಿನ ಗುಬ್ಬಿಗಳ ಊರೂರಿನ ನುಡಿಭೇದಗಳನ್ನು ಅಧ್ಯಯನ ಮಾಡಿ, ಮರಿಯ ಬದುಕಿನ ಮೊದಲ ಕೆಲವು ವಾರಗಳಲ್ಲಿ ಕೇಳಿದ್ದೇ ನಿರ್ಣಾಯಕ ಎಂದು ತೋರಿಸಿದರು. ಮಸಕಾಜು ಕೊನಿಶಿ 1965ರಲ್ಲಿ ಇನ್ನೊಂದು ಸಂಗತಿ ಸೇರಿಸಿದರು. ಪಾಠ ಕೇಳಿಸಿಕೊಂಡ ಮೇಲೂ, ಹಾಡತೊಡಗುವ ಮೊದಲೇ ಕಿವುಡಾದ ಹಕ್ಕಿಗೆ ಸರಿಯಾದ ಹಾಡು ಬರುವುದಿಲ್ಲ. ತನ್ನ ದನಿಯನ್ನು ತಾನೇ ಕೇಳಿ ತಿದ್ದಿಕೊಳ್ಳಬೇಕು.

ಇಂತಹ ಗುಬ್ಬಿಗಳಲ್ಲಿ ಹಾಡು ಒಮ್ಮೆ ಗಟ್ಟಿಯಾದರೆ ಸಾಮಾನ್ಯವಾಗಿ ಜೀವಮಾನವಿಡೀ ಅದೇ. ಆದ್ದರಿಂದ ಕೆನಡಾದಲ್ಲಿ ಹಾಡು ಬದಲಾದದ್ದು ಹೆಚ್ಚಾಗಿ ತಲೆಮಾರು ಬದಲಾದದ್ದರಿಂದ. ಹಳೆಯ ಹಾಡುಗಾರರು ಸತ್ತರು, ಹೊಸಬರು ಬಂದರು. ತಿಮಿಂಗಿಲದಲ್ಲಿ ಹಾಗಲ್ಲ. ಎಂಟು ಹತ್ತು ದಶಕ ಬದುಕಬಲ್ಲ ಪ್ರಾಣಿ, ಪ್ರಾಯಕ್ಕೆ ಬಂದ ಗಂಡು, ತಾನು ಹಾಡುತ್ತಿದ್ದ ಹಾಡನ್ನು ಎರಡೇ ವರ್ಷಗಳಲ್ಲಿ ಪೂರ್ತಿ ಕೈಬಿಟ್ಟು ಹೊಸದನ್ನು ಕಲಿಯುತ್ತದೆ. ಹಕ್ಕಿಗಳಲ್ಲಿ ಇದಕ್ಕೆ ಹೋಲಿಕೆ ಹುಡುಕುವುದಾದರೆ ವರ್ಷವರ್ಷವೂ ಹಾಡನ್ನು ನವೀಕರಿಸುವ ಕ್ಯಾನರಿಯ ಬಳಿ ಹೋಗಬೇಕು, ಗುಬ್ಬಿಯ ಬಳಿ ಅಲ್ಲ.

---

ಸರಿಯೇ ನೋಡೋಣ

ಎರಡು ಆಕ್ಷೇಪಗಳು.

ಒಂದು, ಗುಬ್ಬಿಯಲ್ಲಿ ಬದಲಾದದ್ದು ಹಾಡಿನ ಬಾಲ ಮಾತ್ರ. ಮುಂಭಾಗ ಹಾಗೆಯೇ ಇದೆ. ತಿಮಿಂಗಿಲದಲ್ಲಿ ಹತ್ತಾರು ನಿಮಿಷಗಳ ಇಡೀ ರಚನೆ ಮಗುಚಿ ಬಿದ್ದಿದೆ. ಇವೆರಡನ್ನೂ 'ಹೊಸ ಹಾಡು' ಎಂಬ ಒಂದೇ ಹೆಸರಿನಿಂದ ಕರೆಯುವುದು ಎಷ್ಟು ಸರಿ?

ಇನ್ನೊಂದು, ಹಕ್ಕಿ ಯಾಕೆ ಹಾಡುತ್ತದೆ ಎಂದು ಪ್ರಯೋಗ ಮಾಡಿ ನೋಡಬಹುದು. ಕಾಡಿನಲ್ಲಿ ಧ್ವನಿವರ್ಧಕ ಇಟ್ಟರೆ ಗಂಡು ಹಾರಿ ಬಂದು ಎದುರಿಸುತ್ತದೆ. ತಿಮಿಂಗಿಲ ಯಾಕೆ ಹಾಡುತ್ತದೆ ಎಂಬುದೇ ಇತ್ಯರ್ಥವಾಗಿಲ್ಲ. ಹೆಣ್ಣನ್ನು ಕರೆಯಲೋ, ಉಳಿದ ಗಂಡುಗಳೊಂದಿಗೆ ಲೆಕ್ಕ ಚುಕ್ತಾ ಮಾಡಲೋ? ಉದ್ದೇಶವೇ ತಿಳಿಯದಿದ್ದರೆ ಒಂದು ಹಾಡು ಇನ್ನೊಂದನ್ನು ಯಾಕೆ ಸೋಲಿಸಿತು ಎಂದು ಹೇಳುವುದಾದರೂ ಹೇಗೆ?

---

ಮೇಪಲ್ ನೆರಳು

ಗುಬ್ಬಿಯ ಮಟ್ಟಿಗೆ ಉತ್ತರ ಕೊಡಬಲ್ಲೆ. ಆಟರ್ ತಂಡ ಧ್ವನಿವರ್ಧಕದ ಪ್ರಯೋಗವನ್ನೂ ಮಾಡಿತ್ತು. ಎರಡು ತುಣುಕಿನ ಹಾಡಿಗೆ ಎದುರಾಳಿ ಗಂಡುಗಳು ಹೆಚ್ಚು ಹೆದರಿದ್ದಾಗಲಿ, ಗಡಿ ಬಿಟ್ಟುಕೊಟ್ಟದ್ದಾಗಲಿ ಕಾಣಲಿಲ್ಲ. ಹೊಸ ಹಾಡು ಹಾಡಿದವನಿಗೆ ಜಮೀನಿನ ಜಗಳದಲ್ಲಿ ಲಾಭವಿಲ್ಲ. ಹೆಣ್ಣುಗಳಿಗೆ ಹೊಸತು ಹಿಡಿಸಿತೇ ಎಂಬುದು ಉಳಿದಿರುವ ಸಾಧ್ಯತೆ.

ಈ ಹಕ್ಕಿಯಲ್ಲಿ ಹೆಣ್ಣುಗಳ ವಿಷಯವೇ ಸ್ವಾರಸ್ಯದ್ದು. ತಲೆಯ ಮೇಲೆ ಬಿಳಿ ಪಟ್ಟೆಯವು, ಕಂದು ಪಟ್ಟೆಯವು ಎಂದು ಎರಡು ಬಗೆ, ಗಂಡಿನಲ್ಲೂ ಹೆಣ್ಣಿನಲ್ಲೂ. ಬಿಳಿ ಪಟ್ಟೆಯದು ಹೆಚ್ಚುಕಡಿಮೆ ಯಾವಾಗಲೂ ಕಂದು ಪಟ್ಟೆಯದನ್ನೇ ಜೋಡಿಯಾಗಿ ಆರಿಸಿಕೊಳ್ಳುತ್ತದೆ. ಎರಡನೆಯ ವರ್ಣತಂತುವಿನಲ್ಲಿ ಒಂದು ದೊಡ್ಡ ಭಾಗ ತಲೆಕೆಳಗಾಗಿರುವುದೇ ಈ ಭೇದಕ್ಕೆ ಕಾರಣ. ಬಿಳಿ ಪಟ್ಟೆಯ ಹೆಣ್ಣುಗಳು ಹಾಡುತ್ತವೆ ಕೂಡ! ಗೂನುಬೆನ್ನಿನ ತಿಮಿಂಗಿಲದಲ್ಲಿ ಹಾಡುವವು ಗಂಡುಗಳು ಮಾತ್ರ. ಹೋಲಿಕೆಯ ಪಟ್ಟಿಯಲ್ಲಿ ಇದು ದೊಡ್ಡ ವ್ಯತ್ಯಾಸವಾಗಿ ನಿಲ್ಲಬೇಕು.

---

ಕಡಲತಡಿ

@ಸರಿಯೇ ನೋಡೋಣ, ಉದ್ದೇಶ ಇತ್ಯರ್ಥವಾಗಿಲ್ಲ ಎಂಬುದು ನಿಜ. ಆದರೆ ಒಂದು ಸುಳಿವು ಇದೆ. ರೆಬೆಕಾ ಡನ್‌ಲಾಪ್ ಮತ್ತು ನೋಡ್ 2023ರಲ್ಲಿ ಪ್ರಕಟಿಸಿದ ಕೆಲಸ ನೋಡಿ. 1997ರಲ್ಲಿ ಪೂರ್ವ ಆಸ್ಟ್ರೇಲಿಯದಲ್ಲಿ ಸುಮಾರು 3700 ತಿಮಿಂಗಿಲಗಳಿದ್ದವು, 2015ಕ್ಕೆ ಸುಮಾರು 27,000. ಬೇಟೆ ನಿಂತ ಮೇಲೆ ಬಂದ ಚೇತರಿಕೆ ಅದು. ಸಂಖ್ಯೆ ಏರಿದಂತೆ ಹಾಡುವ ಗಂಡುಗಳ ಪ್ರಮಾಣ ಇಳಿಯಿತು. ಹೆಣ್ಣನ್ನು ಮೌನವಾಗಿ ಹುಡುಕಿ, ಎದುರಾಳಿಯನ್ನು ಮೈಯಿಂದಲೇ ತಳ್ಳುವ ಗಂಡುಗಳು ಹೆಚ್ಚಾದವು. ಸುತ್ತ ಎದುರಾಳಿಗಳು ಕಿಕ್ಕಿರಿದಿದ್ದಾಗ ದನಿಯೆತ್ತುವುದು ಜಗಳವನ್ನು ಕರೆದಂತೆ. ಹಾಗಾದರೆ ಹಾಡು ಸಂಗಾತಿಯ ಹುಡುಕಾಟಕ್ಕೆ ಸೇರಿದ್ದೇ, ಆದರೆ ಅದೊಂದೇ ಉಪಾಯವಲ್ಲ.

ನಿಮ್ಮ ಮೊದಲ ಆಕ್ಷೇಪಕ್ಕೆ ಬರುತ್ತೇನೆ. 13 ವರ್ಷಗಳ ಪೂರ್ವ ಆಸ್ಟ್ರೇಲಿಯದ ಹಾಡುಗಳನ್ನು ಅಳೆದ 2018ರ ಅಧ್ಯಯನವೊಂದರಲ್ಲಿ, ಹಾಡು ನಿಧಾನವಾಗಿ ಬೆಳೆಯುವ ವರ್ಷಗಳಲ್ಲಿ ಜಟಿಲವಾಗುತ್ತ ಹೋಗುತ್ತದೆ, ಹಳೆಯದನ್ನು ಪೂರ್ತಿ ತಳ್ಳಿಹಾಕುವ ಕ್ರಾಂತಿಯಲ್ಲಿ ಬಂದು ಕೂರುವ ಹೊಸ ಹಾಡು ಮಾತ್ರ ಸರಳವಾಗಿರುತ್ತದೆ ಎಂದು ಕಂಡುಬಂದಿದೆ. ಒಮ್ಮೆಗೇ ಇಡಿಯಾಗಿ ಕಲಿಯಬೇಕಾದ ಹಾಡು ಕಲಿಯಲು ಸುಲಭವಾಗಿರಬೇಕಲ್ಲವೇ? ಗುಬ್ಬಿಯಲ್ಲೂ ಗೆದ್ದದ್ದು ಮೂರರ ಗುಂಪಲ್ಲ, ಎರಡರ ಗುಂಪು.

---

ಸರಿಯೇ ನೋಡೋಣ

ಅಲ್ಲಿ ನಿಲ್ಲಿ. ಮೂರು ಎರಡಾದದ್ದನ್ನು ಸರಳವಾದದ್ದು ಎಂದು ಕರೆಯಲು ನಾನು ಸಿದ್ಧನಿಲ್ಲ. ಗುಬ್ಬಿ ಆ ಗುಂಪನ್ನು ಎಷ್ಟು ಸಲ ಮರುಕಳಿಸುತ್ತದೆ, ಸ್ವರಗಳ ಏರಿಳಿತ ಹೇಗಿದೆ ಎಂಬುದನ್ನೆಲ್ಲ ನೋಡದೆ ಒಂದು ಅಂಕಿಯಿಂದ ತೀರ್ಮಾನಿಸಬಾರದು. ಎರಡು ಉದಾಹರಣೆಗಳು ಒಂದೇ ಕಡೆ ವಾಲಿದವು ಎಂದರೆ ನಿಯಮ ಸಿಕ್ಕಿತು ಎಂದಲ್ಲ. ತಿಮಿಂಗಿಲದ ಮಾತು ಒಪ್ಪುತ್ತೇನೆ. ಗುಬ್ಬಿಗೆ ಅದನ್ನು ಹಚ್ಚುವುದನ್ನು ಒಪ್ಪುವುದಿಲ್ಲ.

---

ರಾಗಮಾಲಿಕೆ

ನಾನು ಸಂಗೀತ ಕಲಿಸುವವಳು, ಜೀವವಿಜ್ಞಾನ ಓದಿದವಳಲ್ಲ. ಮಕ್ಕಳಿಗೆ ಮೊದಲು ಕಲಿಸುವುದೇ ಉಸಿರು. ಎಲ್ಲಿ ತೆಗೆದುಕೊಳ್ಳಬೇಕು, ಎಷ್ಟು ಉಳಿಸಿಕೊಳ್ಳಬೇಕು ಎಂದು. ನೀರಿನೊಳಗೆ ಮುಳುಗಿರುವ ಪ್ರಾಣಿ ಹತ್ತು ಹದಿನೈದು ನಿಮಿಷ ಉಸಿರು ಬಿಡದೆ ಹೇಗೆ ಹಾಡುತ್ತದೆ? ಗುಬ್ಬಿ ಅಷ್ಟು ಪುಟ್ಟ ಎದೆಯಿಂದ ಅಷ್ಟು ನೀಳ ಸ್ವರ ಹೇಗೆ ತೆಗೆಯುತ್ತದೆ? ದಯವಿಟ್ಟು ಯಾರಾದರೂ ಬಿಡಿಸಿ ಹೇಳಿ.

---

ಕೊರಳಿಂಚರ

@ರಾಗಮಾಲಿಕೆ, ಬಹಳ ಒಳ್ಳೆಯ ಪ್ರಶ್ನೆ. ಹಕ್ಕಿಗೆ ಹಾಡಿನ ಅಂಗ ಸಿರಿಂಕ್ಸ್. ಅದು ಗಂಟಲಲ್ಲಿ ಇಲ್ಲ, ಶ್ವಾಸನಾಳ ಎರಡಾಗಿ ಒಡೆಯುವ ತಳದಲ್ಲಿದೆ. ಎರಡು ಕವಲಿಗೂ ಬೇರೆ ಬೇರೆ ಕಂಪಿಸುವ ಪೊರೆಗಳಿರುವುದರಿಂದ ಹಾಡುಹಕ್ಕಿ ಎಡ ಬಲಗಳನ್ನು ಸ್ವತಂತ್ರವಾಗಿ ನುಡಿಸಬಲ್ಲದು. ಉಸಿರಿಗೂ ಉಪಾಯವಿದೆ. ಕ್ಯಾನರಿಯಂತಹ ಹಕ್ಕಿಗಳು ವೇಗದ ತುಣುಕುಗಳ ನಡುವೆ ಕಣ್ಣೆವೆ ಮಿಟುಕಿಸುವುದಕ್ಕೂ ಕಡಿಮೆ ಹೊತ್ತಿನಲ್ಲಿ ಕಿರು ಉಸಿರು ಎಳೆದುಕೊಳ್ಳುತ್ತವೆ.

ತಿಮಿಂಗಿಲದ್ದು ನಮ್ಮಂತೆ ಧ್ವನಿಪೆಟ್ಟಿಗೆ, ಆದರೆ ಕಟ್ಟೋಣ ಬೇರೆ. ಹಕ್ಕಿಗಳ ಸಿರಿಂಕ್ಸ್ ಅಧ್ಯಯನಕ್ಕೆ ಹೆಸರಾದ ದಕ್ಷಿಣ ಡೆನ್ಮಾರ್ಕ್ ವಿಶ್ವವಿದ್ಯಾಲಯದ ಕೂನ್ ಎಲೆಮನ್ಸ್ ಅವರ ತಂಡವೇ ಇದನ್ನೂ ಬಿಡಿಸಿತು, 2024ರಲ್ಲಿ. ತೀರಕ್ಕೆ ಬಿದ್ದು ಸತ್ತಿದ್ದ ಸೇಯ್, ಮಿಂಕಿ ಮತ್ತು ಗೂನುಬೆನ್ನಿನ ತಿಮಿಂಗಿಲಗಳ ಧ್ವನಿಪೆಟ್ಟಿಗೆಗಳನ್ನು ತಂದು ಅವುಗಳೊಳಗೆ ಗಾಳಿ ಹಾಯಿಸಿ ನೋಡಿದರು. ಇಂಗ್ಲಿಷಿನ ಯು ಅಕ್ಷರದ ಆಕಾರದಲ್ಲಿ ಬಾಗಿದ ಮೃದ್ವಸ್ಥಿಗಳು, ಅವು ಒತ್ತಿ ನಿಲ್ಲಲು ಕೊಬ್ಬಿನ ಒಂದು ದಿಂಬು. ಆ ದಿಂಬಿನ ಮೇಲ್ಮೈ ಕಂಪಿಸಿದಾಗ ತಗ್ಗು ಸ್ಥಾಯಿಯ ದನಿ ಹೊರಡುತ್ತದೆ. ಗಾಳಿ ಹೊರಗೆ ಹೋಗುವುದಿಲ್ಲ, ಒಳಗಿನ ಚೀಲಕ್ಕೆ ಹೋಗಿ ಮತ್ತೆ ಮರಳುತ್ತದೆ. ಅದಕ್ಕೇ ಗುಳ್ಳೆಗಳಿಲ್ಲದ ಹಾಡು.

ಆದರೆ ಈ ಅಂಗಕ್ಕೆ ಮಿತಿಗಳಿವೆ. ಎಲೆಮನ್ಸ್ ತಂಡದ ಲೆಕ್ಕಾಚಾರದಂತೆ ಈ ಬಗೆಯಲ್ಲಿ ದನಿ ಹೊರಡಿಸಲು ಸುಮಾರು 100 ಮೀಟರ್ ಆಳದವರೆಗೆ ಮಾತ್ರ ಸಾಧ್ಯ. ಆವರ್ತನವೂ ಗರಿಷ್ಠ 300 ಹರ್ಟ್ಸ್ ಸುತ್ತಮುತ್ತ. ಹಡಗುಗಳ ಎಂಜಿನ್ ಗದ್ದಲ ತುಂಬಿರುವುದೂ ಇದೇ ಆಳದಲ್ಲಿ, ಇದೇ ಸ್ಥಾಯಿಯಲ್ಲಿ. ಗೂನುಬೆನ್ನಿನದು ಬೇರೆ ಬಗೆಯಲ್ಲಿ ಇದಕ್ಕಿಂತ ಏರುದನಿಗಳನ್ನೂ ಹೊರಡಿಸುತ್ತದೆ, ನಿಜ. ನಗರದ ಗದ್ದಲದಲ್ಲಿ ಹಲವು ಹಕ್ಕಿಗಳು ದನಿಯನ್ನು ಮೇಲಕ್ಕೇರಿಸಿ ಹಾಡುವುದು ಗೊತ್ತೇ ಇದೆ. ತಗ್ಗು ದನಿಯನ್ನೇ ನೆಚ್ಚಿದ ತಿಮಿಂಗಿಲಗಳಿಗೆ ಆ ದಾರಿ ಇಲ್ಲ.

---

ರಾಗಮಾಲಿಕೆ

ಧನ್ಯವಾದಗಳು. ಹಾಡುವವನು ಗದ್ದಲದ ಸಭೆಯಿಂದ ಎದ್ದು ಹೋಗಬಲ್ಲ. ಸಮುದ್ರದಿಂದ ಎದ್ದು ಎಲ್ಲಿಗೆ ಹೋಗುವುದು? ಓದಿ ಸಂಕಟವಾಯಿತು.

---

ಅಂಕೋಲೆಯ ಅಲೆ

ಇದುವರೆಗೆ ಎಲ್ಲ ಮಾತು ಪೆಸಿಫಿಕ್, ಕೆನಡಾ ಎಂದು ದೂರದಲ್ಲೇ ಇದೆ. ಗೂನುಬೆನ್ನಿನ ತಿಮಿಂಗಿಲ ನಮ್ಮ ಅರಬ್ಬೀ ಸಮುದ್ರದಲ್ಲೂ ಇದೆ ಎಂಬುದನ್ನು ಯಾರೂ ಹೇಳಲಿಲ್ಲ. ನಮ್ಮ ಕರಾವಳಿಯವರಿಗೇ ಇದು ಗೊತ್ತಿಲ್ಲ ಎಂಬುದು ನನಗೆ ನೋವಿನ ಸಂಗತಿ.

ಜಗತ್ತಿನ ಉಳಿದ ಗೂನುಬೆನ್ನಿನ ತಿಮಿಂಗಿಲಗಳು ಬೇಸಿಗೆಗೆ ಧ್ರುವದ ಕಡೆ ಹೋಗಿ ತಿಂದು, ಚಳಿಗಾಲಕ್ಕೆ ಬೆಚ್ಚನೆಯ ನೀರಿಗೆ ಬಂದು ಈಯುತ್ತವೆ. ಅರಬ್ಬೀ ಸಮುದ್ರದವು ಎಲ್ಲಿಗೂ ಹೋಗುವುದಿಲ್ಲ. ಮುಂಗಾರು ಮಾರುತ ಆಳದ ನೀರನ್ನು ಮೇಲಕ್ಕೆಬ್ಬಿಸಿ ಆಹಾರ ತುಂಬಿಕೊಡುವುದರಿಂದ ಇಲ್ಲೇ ಉಂಡು ಇಲ್ಲೇ ಈಯುತ್ತವೆ. ವಂಶವಾಹಿ ಅಧ್ಯಯನಗಳ ಪ್ರಕಾರ ಸುಮಾರು 70,000 ವರ್ಷಗಳಿಂದ ಬೇರೆಯವುಗಳೊಂದಿಗೆ ಬೆರೆತಿಲ್ಲ. ಒಮಾನ್ ತೀರದ ಅಂದಾಜಿನಲ್ಲಿ ನೂರಕ್ಕೂ ಕಡಿಮೆ ಉಳಿದಿವೆ. 1960ರ ದಶಕದ ಮಧ್ಯದಲ್ಲಿ ಸೋವಿಯತ್ ಬೇಟೆ ಹಡಗುಗಳು ಒಮಾನ್, ಪಾಕಿಸ್ತಾನ, ಭಾರತದ ಬದಿಯ ಈ ಸಮುದ್ರದಲ್ಲಿ ಇನ್ನೂರಕ್ಕೂ ಹೆಚ್ಚು ತಿಮಿಂಗಿಲಗಳನ್ನು ಕಾನೂನುಬಾಹಿರವಾಗಿ ಕೊಂದಿದ್ದವು.

2017ರ ಕೊನೆಯಲ್ಲಿ ಒಮಾನ್ ಬಳಿ ಉಪಗ್ರಹ ಸಾಧನ ಅಳವಡಿಸಿದ್ದ ಲುಬಾನ್ ಎಂಬ ಹೆಣ್ಣು ತಿಮಿಂಗಿಲ ಅರಬ್ಬೀ ಸಮುದ್ರವನ್ನು ಅಡ್ಡಹಾಯ್ದು ಗೋವಾದ ಬಳಿಗೆ ಬಂದು, ಅಲ್ಲಿಂದ ದಕ್ಷಿಣಕ್ಕೆ ಭಾರತದ ತುದಿಯವರೆಗೂ ಸಾಗಿತು. ನಮ್ಮ ಕಾರವಾರ, ಹೊನ್ನಾವರ, ಮಲ್ಪೆಗಳ ಎದುರಿನ ಸಮುದ್ರವನ್ನು ಹಾದೇ ಅದು ಹೋಗಿರಬೇಕು. ಗೋವಾ ತೀರದಲ್ಲಿ ಹೈಡ್ರೋಫೋನ್, ಅಂದರೆ ನೀರೊಳಗಿನ ಮೈಕ್, ಇಳಿಬಿಟ್ಟ ವಿಜ್ಞಾನಿಗಳಿಗೆ ಗೂನುಬೆನ್ನಿನ ಗಂಡುಗಳ ಹಾಡು ಸಿಕ್ಕಿದ್ದೂ ಪ್ರಕಟವಾಗಿದೆ.

ನನ್ನ ಪ್ರಶ್ನೆ: ಹೊಸ ಹಾಡು ಬರಬೇಕಾದರೆ ಪರವೂರಿನವರು ಎಲ್ಲೋ ಸಿಗಬೇಕು ಎಂದಾದರೆ, ಯಾರೂ ಸಿಗದ ಈ ನೂರರೊಳಗಿನವರ ಹಾಡಿನ ಗತಿ ಏನು?

---

ಕೊರಳಿಂಚರ

@ಅಂಕೋಲೆಯ ಅಲೆ, ನಿಮ್ಮ ಪ್ರಶ್ನೆಗೆ ಹಕ್ಕಿಲೋಕದಲ್ಲಿ ಒಂದು ಉತ್ತರವಿದೆ, ಒಳ್ಳೆಯದಲ್ಲ. ಆಗ್ನೇಯ ಆಸ್ಟ್ರೇಲಿಯದ ರೀಜೆಂಟ್ ಹನಿಈಟರ್ ಎಂಬ ಹಾಡುಹಕ್ಕಿ ಈಗ ಕೆಲವು ನೂರು ಮಾತ್ರ ಉಳಿದಿದೆ. ಅಗಲವಾದ ಪ್ರದೇಶದಲ್ಲಿ ಚದುರಿಹೋಗಿದೆ. ರಾಸ್ ಕ್ರೇಟ್ಸ್ ಮತ್ತು ಸಂಗಡಿಗರು 2021ರಲ್ಲಿ ವರದಿ ಮಾಡಿದಂತೆ, ಗಂಡುಗಳಲ್ಲಿ ಸುಮಾರು ಶೇ. 12ರಷ್ಟು ತಮ್ಮ ಹಾಡನ್ನೇ ಮರೆತು ಬೇರೆ ಜಾತಿಯ ಹಕ್ಕಿಗಳ ಹಾಡು ಹಾಡುತ್ತಿದ್ದವು. ಎಳೆಯ ಗಂಡಿಗೆ ಪಾಠ ಹೇಳಲು ಸುತ್ತಮುತ್ತ ಹಿರಿಯ ಗಂಡೇ ಇಲ್ಲ. ಅಂತಹ ಹಾಡು ಹಾಡಿದವಕ್ಕೆ ಜೋಡಿ ಸಿಗುವುದೂ ಕಡಿಮೆಯಾಯಿತು. ಸಂಖ್ಯೆ ಕುಸಿದು ಹಾಡು ಹೋಯಿತು, ಹಾಡು ಹೋಗಿ ಸಂಖ್ಯೆ ಇನ್ನೂ ಕುಸಿಯುತ್ತಿದೆ. ಅದಕ್ಕಾಗಿಯೇ ಈಗ ಸಂತಾನ ಕೇಂದ್ರದಲ್ಲಿ ಬೆಳೆಸಿದ ಮರಿಗಳಿಗೆ ಬಿಡುಗಡೆಗೆ ಮೊದಲು ಹಾಡು ಕಲಿಸುವ ಪ್ರಯತ್ನ ನಡೆಯುತ್ತಿದೆ.

---

ಸರಿಯೇ ನೋಡೋಣ

ಹನಿಈಟರ್ ಉದಾಹರಣೆಯನ್ನು ತಿಮಿಂಗಿಲಕ್ಕೆ ನೇರವಾಗಿ ಹಚ್ಚಬೇಡಿ. ಮಾಧ್ಯಮ ಬೇರೆ. ಗಾಳಿಯಲ್ಲಿ ಹಕ್ಕಿಯ ದನಿ ಕೆಲವು ನೂರು ಮೀಟರ್ ಹೋದರೆ ಹೆಚ್ಚು. ನೀರಿನಲ್ಲಿ ಸದ್ದು ಗಾಳಿಗಿಂತ ನಾಲ್ಕು ಪಟ್ಟಿಗೂ ಹೆಚ್ಚು ವೇಗವಾಗಿ ಸಾಗುತ್ತದೆ, ತಗ್ಗು ಸ್ಥಾಯಿಯ ದನಿ ಹತ್ತಾರು ಕಿಲೋಮೀಟರ್ ದಾಟಿಯೂ ಉಳಿಯುತ್ತದೆ. ನೂರು ಹನಿಈಟರ್‌ಗಳು ಒಂದು ರಾಜ್ಯದಷ್ಟು ಕಾಡಿನಲ್ಲಿ ಚದುರಿದರೆ ಒಂದಕ್ಕೊಂದು ಕೇಳಿಸುವುದಿಲ್ಲ. ನೂರು ತಿಮಿಂಗಿಲಗಳಿಗೆ ಕೇಳಿಸಬಹುದು. ಪಾಠಶಾಲೆ ಮುಚ್ಚಿಲ್ಲ ಎಂದೇ ನನ್ನ ಲೆಕ್ಕ. ಮುಚ್ಚುವುದಾದರೆ ಅದು ಹಡಗಿನ ಗದ್ದಲದಿಂದ, ಸಂಖ್ಯೆಯಿಂದಲ್ಲ.

---

ಅಂಕೋಲೆಯ ಅಲೆ

ಒಪ್ಪುತ್ತೇನೆ, ಮತ್ತು ಅದೇ ನನ್ನ ಭಯ. ಕೊಲ್ಲಿ ದೇಶಗಳ ತೈಲ ಹಡಗುಗಳ ದಾರಿ ಇದೇ ಸಮುದ್ರ. ಬಲೆಗೆ ಸಿಕ್ಕಿ ಸಾಯುವುದು ಇನ್ನೊಂದು ಅಪಾಯ. ಒಮಾನ್ ತಿಮಿಂಗಿಲಗಳ ಛಾಯಾಚಿತ್ರಗಳಲ್ಲಿ ಬಲೆಯ ಗಾಯದ ಗುರುತು ಹೊತ್ತವು ಕಡಿಮೆಯೇನಿಲ್ಲ. ಇಲ್ಲಿ ತೀರಕ್ಕೆ ಕಳೇಬರ ಬಂದಾಗ ಜನ ಸೇರಿ ಫೋಟೊ ತೆಗೆದು ಹೋಗುತ್ತಾರೆ. ಅದು ಯಾವ ಜಾತಿ ಎಂಬುದಾದರೂ ಸರಿಯಾಗಿ ದಾಖಲಾಗಬೇಕು. ಗೂನುಬೆನ್ನಿನದನ್ನು ಗುರುತಿಸುವುದು ಕಷ್ಟವಲ್ಲ: ಮುಂಗೈ ರೆಕ್ಕೆ ದೇಹದ ಮೂರನೇ ಒಂದು ಭಾಗದಷ್ಟು ಉದ್ದ, ತಲೆಯ ಮೇಲೆ ಗುಬುಟುಗಳು. ಕಂಡವರು ಅರಣ್ಯ ಇಲಾಖೆಗೆ ತಿಳಿಸಿ, ಬಾಲದ ಕೆಳಭಾಗದ ಚಿತ್ರ ತೆಗೆಯಿರಿ. ಆ ಕಪ್ಪು ಬಿಳುಪು ವಿನ್ಯಾಸ ಒಂದೊಂದಕ್ಕೂ ಬೇರೆ.

---

ಕಡಲತಡಿ

ಕರ್ನಾಟಕದ ತೀರದ ಉದ್ದಕ್ಕೂ ವರ್ಷವಿಡೀ ಕೇಳುವ ಕೆಲವು ಹೈಡ್ರೋಫೋನ್‌ಗಳಿದ್ದರೆ ಎಂದು ಆಸೆಯಾಗುತ್ತದೆ. ಗೋವಾದಲ್ಲಿ ಕೇಳಿದ್ದು ನೇತ್ರಾಣಿಯ ಬಳಿ ಕೇಳದೇ ಇರಲು ಕಾರಣವಿಲ್ಲ. ಹಾಡಿನ ದಾಖಲೆ ಇಂದು ಆರಂಭವಾದರೆ ಮಾತ್ರ ಹತ್ತು ವರ್ಷಗಳ ನಂತರ ಬದಲಾಯಿತೇ ಇಲ್ಲವೇ ಎಂದು ಹೇಳಲು ಸಾಧ್ಯ. ಪೆಸಿಫಿಕ್‌ನಲ್ಲಿ ಆ ಕಥೆ ಸಿಕ್ಕಿದ್ದು ಯಾರೋ ಹತ್ತಾರು ವರ್ಷ ಬಿಡದೆ ಕೇಳಿದ್ದರಿಂದ.

---

ಮೇಪಲ್ ನೆರಳು

ಹಕ್ಕಿಗಳಿಗೆ ಹೈಡ್ರೋಫೋನ್ ಬೇಕಿಲ್ಲ, ಮೊಬೈಲ್ ಸಾಕು. ಬಾಬಾಬುಡನ್‌ಗಿರಿಯ ಶೋಲಾ ಕಾಡಿನ ನೀಲಿ ಶೋಲಾಕಿಳಿಗಳೂ ಬೆಟ್ಟದ ನೆತ್ತಿಗಳಲ್ಲಿ ಒಂಟಿಯಾದ ಹಾಡುಹಕ್ಕಿಗಳೇ. ಪಶ್ಚಿಮ ಘಟ್ಟದ ಬೆಟ್ಟದಿಂದ ಬೆಟ್ಟಕ್ಕೆ ಅವುಗಳ ಹಾಡು ಬೇರೆಯಾಗಿರುವುದನ್ನು ವಿ. ವಿ. ರಾಬಿನ್ ಅವರ ಬಳಗ ತೋರಿಸಿದೆ. ಅಲ್ಲಿಗೆ ಹೋಗುವವರು ಮುದ್ರಿಸಿ, ದಿನಾಂಕ ಮತ್ತು ಸ್ಥಳ ಸೇರಿಸಿ ಕ್ಸೀನೋ-ಕ್ಯಾಂಟೊಗೆ ಹಾಕಿ. ಧ್ವನಿವರ್ಧಕ ಬಳಸಿ ಹಕ್ಕಿಯನ್ನು ಕರೆಯಬೇಡಿ, ಗೂಡಿನ ಬಳಿ ಹೋಗಬೇಡಿ.

ಇಲ್ಲಿನ ಸುದ್ದಿ ಇನ್ನೊಂದಿದೆ. ಎರಡು ತುಣುಕಿನ ಹಾಡು ಪೂರ್ವಕ್ಕೆ ಬರುತ್ತಿರುವಾಗಲೇ ಪಶ್ಚಿಮದಲ್ಲಿ ಮತ್ತೊಂದು ಹೊಸ ರೂಪ ತಲೆಯೆತ್ತಿದೆ ಎಂದು ಆಟರ್ ತಂಡ ಹೇಳಿತ್ತು. ಅದು ಒಂಟಾರಿಯೊಗೆ ಬರುತ್ತದೆಯೇ ಎಂದು ನೋಡಬೇಕು. ಏಪ್ರಿಲ್ ಕೊನೆಯಲ್ಲಿ ಹಕ್ಕಿಗಳು ಬರಲಾರಂಭಿಸುತ್ತವೆ, ನನ್ನ ಧ್ವನಿಮುದ್ರಣಗಳನ್ನು ಇದೇ ಎಳೆಯಲ್ಲಿ ಹಾಕುತ್ತೇನೆ. @ಸರಿಯೇ ನೋಡೋಣ, ಮರುಕಳಿಕೆಗಳ ಲೆಕ್ಕ ನೀವು ಇಡುವುದಾದರೆ ಮೂರರ ಗುಂಪಿನವು, ಎರಡರ ಗುಂಪಿನವು ಎರಡನ್ನೂ ಕಳುಹಿಸುತ್ತೇನೆ.

---

ಸರಿಯೇ ನೋಡೋಣ

ಕಳುಹಿಸಿ. ಲೆಕ್ಕ ನಾನು ಇಡುತ್ತೇನೆ.